ವ್ಯೂಸ್ ಬರಲಿಲ್ಲ ಅಂತ ಭಜನೆಯನ್ನೂ ಬಿಟ್ಟ ಗಾಯಕ

ನಾನು ಆಪ್ತಸಲಹೆಗಾರ್ತಿ. ಜಾನಪದ ಹಾಡುವ ಹುಡುಗರು ನನ್ನ ಹತ್ತಿರ ಬರುವುದು ಈಚೆಗೆ ಜಾಸ್ತಿಯಾಗಿದೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯವರು. ಕಥೆ ಹೆಚ್ಚುಕಡಿಮೆ ಒಂದೇ. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು, ಹಳ್ಳಿ ಹಾಡು ಯೂಟ್ಯೂಬಿಗೆ ಏರಿತು. ಟ್ರ್ಯಾಕ್ಟರಿನಲ್ಲಿ, ಡಿಜೆಯಲ್ಲಿ ಒಂದು ಹಾಡು ಓಡಿದರೆ ಸಾಕು, ಆ ವರ್ಷ ಜಾತ್ರೆ ಜಾತ್ರೆಗೂ ಕರೆ. ಮರುವರ್ಷ ಇನ್ಯಾರದೋ ಹಾಡು. ಕರೆ ನಿಂತ ಮೇಲೆ ಬದುಕೋದು ಹೇಗೆ ಅಂತ ಇವರಿಗೆ ಯಾರೂ ಹೇಳಿರುವುದಿಲ್ಲ. ಅದಕ್ಕೇ ಅಂಥ ಒಬ್ಬ ಗಾಯಕರ ಪ್ರಕರಣ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಇದೆ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ವಯಸ್ಸು ಮೂವತ್ತರ ಆಸುಪಾಸು. ಸ್ವಲ್ಪ ಹೊಲ, ಎರಡು ಎಮ್ಮೆ. ತಾವೇ ಪದ ಕಟ್ಟಿ ಹಾಡುತ್ತಾರೆ. ಒಂದು ಹಾಡು ಭರ್ಜರಿ ಹಿಟ್ ಆಯಿತು, ಆಮೇಲಿನವು ಏಳಲಿಲ್ಲ. ಒಂದೊಂದಕ್ಕೂ ಸ್ಟುಡಿಯೋ, ಕ್ಯಾಮೆರಾ, ಡ್ಯಾನ್ಸರ್ ಅಂತ ಬಡ್ಡಿ ಸಾಲ. ನಿದ್ದೆ ಹೋಗಿತ್ತು, ಕುಡಿತ ಹತ್ತಿತ್ತು. ಸಾಯುವ ವಿಚಾರ ಬರುತ್ತಾ ಅಂತ ನೇರವಾಗಿ ಕೇಳಿದೆ. 'ಒಂದೊಂದ್ ಸಲ' ಅಂದರು. ಮೊದಲು ಮನೋವೈದ್ಯರ ಹತ್ತಿರ ಕಳಿಸಿದೆ. ಟೆಲಿ ಮಾನಸ್ ಸಹಾಯವಾಣಿ 14416 ನಂಬರನ್ನು ಗಂಡ ಹೆಂಡತಿ ಇಬ್ಬರ ಫೋನಿನಲ್ಲೂ ಹಾಕಿಸಿದೆ. ಅದು ದಿನದ 24 ಗಂಟೆಯೂ ಇರುತ್ತದೆ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ವಿಚಾರ ಬರುತ್ತಾ ಅಂತ ನೇರವಾಗಿ ಕೇಳಿದರೆ ಇಲ್ಲದ ವಿಚಾರ ತಲೆಗೆ ಹೊಕ್ಕೀತು ಅಂತ ಹೆದರುವವರಿದ್ದಾರೆ. ಹಾಗೇನೂ ಆಗುವುದಿಲ್ಲ, ಕೇಳಲೇಬೇಕು.

ನಿಜವಾದ ಮಾತು ಹೊರಬಂದಿದ್ದು ಹೆಂಡತಿ ಜೊತೆಗೆ ಕೂತ ದಿನ. ಅಲ್ಲಿಯವರೆಗೆ ಅವರು ಫೋನ್ ಕೆಳಗಿಟ್ಟವರೇ ಅಲ್ಲ. ಹಿಟ್ ಹಾಡಿನ ವ್ಯೂಸ್ ತೋರಿಸುವುದು, ಹೊಸ ಹಾಡಿನದು ತೋರಿಸುವುದು, ಬೆರಳಲ್ಲಿ ಸ್ಕ್ರೀನ್ ಎಳೆದು ಎಳೆದು ಮತ್ತೆ ನೋಡುವುದು. 'ಇನ್ನೊಂದ್ ಹಾಡು ಎದ್ರ ಎಲ್ಲಾ ಸರಿ ಆಕ್ಕೈತ್ರೀ ಮೇಡಂ.' ಆಕೆ ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಸುಮ್ನೆ ಕೂತಿದ್ದರು. ಆಮೇಲೆ ಒಮ್ಮೆಲೇ ಅಂದರು:

'ಇವ್ರು ಹಾಡಿದ್ದ ಕೇಳಿ ವರ್ಷ ಆತ್ರೀ. ಮೊದ್ಲ ಎಮ್ಮಿ ಹಿಂಡುವಾಗೂ ಹಾಡ್ತಿದ್ರು. ಈಗ ಅಮಾಸಿ ಭಜನಿಗೂ ಹೋಗೂದಿಲ್ಲ.'

ಯಾಕೆ ಅಂತ ಕೇಳಿದೆ. ಬಹಳ ಹೊತ್ತು ಉತ್ತರ ಇಲ್ಲ. ಕೊನೆಗೆ ಫೋನ್ ಮಗುಚಿ ತೊಡೆಯ ಮೇಲಿಟ್ಟುಕೊಂಡರು. 'ಯಾರರ ರೆಕಾರ್ಡ್ ಮಾಡಿ ಹಾಕ್ತಾರ್ರೀ. ಅದಕ್ಕ ನೂರು ವ್ಯೂಸ್ ಬಂತಂದ್ರ ನನ್ ಮಾರ್ಕೆಟ್ ಬಿತ್ತು ಅಂತ ಊರಿಗೆಲ್ಲ ಗೊತ್ತಾಕ್ಕೈತಿ.'

ನನಗೆ ಸಂಕಟವಾಯಿತು. ಕರೆ ನಿಂತಾಗ ಬೇಸರ ಯಾರಿಗಾದರೂ ಆಗುತ್ತದೆ. ಇವರು ತಮ್ಮ ಹಿತ್ತಲಿನಲ್ಲಿ ಬಾಯಿ ತೆರೆಯಲೂ ಹೆದರುತ್ತಿದ್ದರು.

ಅವತ್ತು ಹೇಳಿದ್ದು ಇಷ್ಟು. ಸಾಲ ಮಾಡಿ ಹೊಸ ಹಾಡು ಬಿಡುವುದು ಸದ್ಯಕ್ಕೆ ಬೇಡ. ಚಾನೆಲ್ ನೋಡಿಕೊಳ್ಳುವ ಕೆಲಸ ಅಕ್ಕನ ಮಗನಿಗೆ ಕೊಡಿ, ನಿಮ್ಮ ಫೋನಿನಲ್ಲಿ ಬೇಡ. ಬರುವ ಅಮಾವಾಸ್ಯೆ ಭಜನೆಗೆ ಹೋಗಿ, ಯಾರು ಫೋನ್ ಹಿಡಿದರೂ ಹಿಡಿಯಲಿ. ಕುಬಸ, ಜವಳ, ವಾಸ್ತುಶಾಂತಿ ಅಂತ ಕರೆದರೆ ರೇಟ್ ಇಳಿಸಿಯಾದರೂ ಹೋಗಿ. ಯಾರಿಗೆ ಎಷ್ಟು ಕೊಡಬೇಕು ಅಂತ ಒಂದು ಹಾಳೆಯಲ್ಲಿ ಬರೆದು ಹೆಂಡತಿಗೆ ತೋರಿಸಿ. ಅರ್ಧ ಸಾಲ ಆಕೆಗೆ ಗೊತ್ತೇ ಇರಲಿಲ್ಲ.

ಇನ್ನೊಂದು ವಿಷಯ. ಹಿಟ್ ಆದ ಹಾಡನ್ನು ಅವರು ಬಾಂಡ್ ಪೇಪರಿಗೆ ಸಹಿ ಹಾಕಿ ಕಂಪನಿಯೊಂದಕ್ಕೆ ಒಂದೇ ಗಂಟಿಗೆ ಕೊಟ್ಟುಬಿಟ್ಟಿದ್ದರು. 2012ರಲ್ಲಿ ಕಾಪಿರೈಟ್ ಕಾಯ್ದೆ ತಿದ್ದುಪಡಿಯಾದ ಮೇಲೆ, ಹಾಡು ಬರೆದವರು, ರಾಗ ಹಾಕಿದವರು ರಾಯಲ್ಟಿಯಲ್ಲಿನ, ಅಂದರೆ ಹಾಡು ಬಳಸಿದ್ದಕ್ಕೆ ಬರುವ ಹಣದಲ್ಲಿನ, ತಮ್ಮ ಪಾಲನ್ನು ಕಂಪನಿಗೆ ಹಾಗೆ ಬರೆದುಕೊಡಲು ಬರುವುದಿಲ್ಲ. ವಾರಸುದಾರರಿಗೆ, ಇಲ್ಲವೇ ರಾಯಲ್ಟಿ ವಸೂಲಿ ಮಾಡಿ ಹಂಚುವ ಐಪಿಆರ್‌ಎಸ್‌ನಂಥ ಸೊಸೈಟಿಗೆ ಮಾತ್ರ ಕೊಡಬಹುದು. ಆ ಕಾಗದ ವಕೀಲರಿಗೆ ತೋರಿಸಿ ಅಂದೆ. ಇದು ಆಪ್ತಸಲಹೆಗಾರರ ಕೆಲಸವಾ ಅಂತ ಕೇಳಿದವರುಂಟು. ದುಡ್ಡಿನ ಅನ್ಯಾಯವನ್ನು ಬರೀ ಮನಸ್ಸಿನ ತೊಂದರೆ ಅಂತ ನೋಡಿದರೆ ಅದು ಇನ್ನೊಂದು ಅನ್ಯಾಯ.

ಇಂಥವರಿಗೆ ಎಲ್ಲರೂ ಬಿದ್ದು ಎದ್ದವರ ಕಥೆ ಹೇಳುತ್ತಾರೆ. ಗೆಳೆಯನೊಬ್ಬ ಇವರಿಗೆ ಅಮೆರಿಕದ ಕಂಟ್ರಿ (ಅಲ್ಲಿನ ಹಳ್ಳಿಗಾಡಿನ ಶೈಲಿಯ ಹಾಡು) ಗಾಯಕ ಜಾನಿ ಕ್ಯಾಶ್ ವಿಡಿಯೊ ಕಳಿಸಿದ್ದನಂತೆ. 1958ರಲ್ಲಿ ಸೇರಿದ್ದ ಕೊಲಂಬಿಯಾ ರೆಕಾರ್ಡ್ ಕಂಪನಿ 1986ರಲ್ಲಿ ಕ್ಯಾಶ್ ಅವರನ್ನು ಕೈಬಿಟ್ಟಿತು. 1994ರಲ್ಲಿ ಬರೀ ಗಿಟಾರ್ ಹಿಡಿದು ಹಾಡಿದ ಆಲ್ಬಂ ಬಂತು, ಮತ್ತೆ ಹೆಸರಾಯಿತು, ಗ್ರ್ಯಾಮಿ ಪ್ರಶಸ್ತಿಯೂ ಸಿಕ್ಕಿತು. ನಿಜವೇ. ಆದರೆ ಅದನ್ನು ನೋಡಿ ಇವರು ಮಾಡಿದ್ದೇನು? ಇನ್ನೊಂದು ಹಾಡಿಗೆ ಸಾಲ ಎತ್ತಿದರು.

ಆ ನಡುವಿನ ಎಂಟು ವರ್ಷದ ಮಾತನ್ನು ಯಾರೂ ಆಡುವುದಿಲ್ಲ. ಕ್ಯಾಶ್ ಬೇರೆ ಕಂಪನಿಗೆ ಹಾಡಿದರು, ಅವು ಅಷ್ಟಾಗಿ ಓಡಲಿಲ್ಲ. ಆದರೂ ಊರೂರು ತಿರುಗಿ ಹಾಡುತ್ತಲೇ ಇದ್ದರು. ನನ್ನ ಹತ್ತಿರ ಬರುವವರು ಇರುವುದು ಆ ವರ್ಷಗಳಲ್ಲೇ. ಹೆಚ್ಚಿನವರಿಗೆ ಎರಡನೇ ಹಿಟ್ ಬರುವುದೇ ಇಲ್ಲ. ಬರುತ್ತದೆ ಅಂತ ಆಸೆ ಹಚ್ಚಿ ಕಳಿಸುವುದಕ್ಕೆ ನನಗೆ ಮನಸ್ಸಾಗುವುದಿಲ್ಲ.

ಇವರ ಅಣ್ಣನಿಗೆ ನನ್ನ ಮೇಲೆ ಸಿಟ್ಟು. 'ಹಾಡೋದ್ ಬಿಡಸ್ರೀ ಅಂತ ಕಳಿಸಿದ್ರ ಭಜನಿಗೆ ಹೋಗು ಅಂತೀರಲ್ರೀ' ಅಂತ ಫೋನಿನಲ್ಲಿ ಕೂಗಾಡಿದರು. ಸಾಲ ತೀರಿಸುತ್ತಿರುವವರು ಅವರು, ಸಿಟ್ಟಿಗೆ ಕಾರಣ ಇದೆ. ಆದರೆ ಸಾಲ ಆಗಿದ್ದು ವಿಡಿಯೊದಿಂದ. ಭಜನೆಗೆ ಹೋಗಿ ಯಾರೂ ದಿವಾಳಿಯಾಗಿಲ್ಲ. ಇವರ ಕೈಯಿಂದ ಹಾಡನ್ನೂ ಕಿತ್ತುಕೊಂಡಿದ್ದರೆ ಆ 'ಒಂದೊಂದ್ ಸಲ' ಇನ್ನೂ ಜಾಸ್ತಿಯಾಗುತ್ತಿತ್ತು ಅನ್ನುವುದೇ ನನ್ನ ಹೆದರಿಕೆಯಾಗಿತ್ತು. ಅದನ್ನು ಅಣ್ಣನಿಗೆ ಫೋನಿನಲ್ಲಿ ಹೇಳುವ ಹಾಗಿರಲಿಲ್ಲ, ಹೇಳಲೂ ಇಲ್ಲ.

ಈಗ ನಿದ್ದೆ ಬರುತ್ತಿದೆ, ಕುಡಿತ ಪೂರ್ತಿ ಬಿಟ್ಟಿಲ್ಲ. ಭಜನೆಗೆ ಹೋಗುತ್ತಿದ್ದಾರೆ. ಒಬ್ಬರು ರೆಕಾರ್ಡ್ ಮಾಡಿ ಹಾಕಿಯೂ ಹಾಕಿದರಂತೆ. ಎಷ್ಟು ಜನ ನೋಡಿದರು ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಸಾಲ ಹಾಗೇ ಇದೆ. ಮುಂದಿನ ಸಲ ಬರುವಾಗ ಅಣ್ಣನನ್ನೂ, ಆ ಹಾಳೆಯನ್ನೂ ತನ್ನಿ ಅಂದಿದ್ದೇನೆ.