ಪರೀಕ್ಷೆ ನಾರ್ಮಲ್ ಬಂದರೂ ಮಾತ್ರೆ ಬೇಡ

ಪ್ರಶ್ನೆ: ಮಲೇರಿಯಾಕ್ಕೆಂದು ಪ್ರೈಮಾಕ್ವಿನ್ ಶುರು ಮಾಡಿದ ಮೂರನೇ ದಿನ ಎಂಟು ವರ್ಷದ ಮಗನ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿತು, ಕಣ್ಣು ಹಳದಿಯಾಯಿತು. ಡಾಕ್ಟರು ಮಾತ್ರೆ ನಿಲ್ಲಿಸಿ, ಕೆಂಪು ರಕ್ತಕಣವನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ಪರೀಕ್ಷೆ ಮಾಡಿಸಿದರು. ವರದಿ ನಾರ್ಮಲ್ ಇದೆ. ಮಾತ್ರೆ ಮತ್ತೆ ಕೊಡಬಹುದೇ? ಜೊತೆಗೆ ಆಂಟಿಆಕ್ಸಿಡೆಂಟ್ ಮಾತ್ರೆ ಕೊಟ್ಟರೆ ರಕ್ಷಣೆಯಾದೀತೇ?

ಉತ್ತರ: ಕೊಡಬೇಡಿ. ಈಗಿನ ವರದಿಯನ್ನು ನೆಚ್ಚಿಕೊಳ್ಳುವಂತಿಲ್ಲ.

ರಕ್ತಕಣದೊಳಗೆ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡನ್ನು ನೀರಾಗಿಸುವ ಕಿಣ್ವಗಳಲ್ಲಿ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಮುಖ್ಯವಾದದ್ದು. ಈ ಕೆಲಸದಲ್ಲಿ ಖರ್ಚಾದ ಗ್ಲುಟಾಥಯೋನ್ ಎಂಬ ರಕ್ಷಕ ವಸ್ತು ಮತ್ತೆ ಸಜ್ಜಾಗಲು ಎನ್‌ಎಡಿಪಿಎಚ್ ಎಂಬ ಇನ್ನೊಂದು ಅಣು ಬೇಕು. ಬೇರೆ ಜೀವಕೋಶಗಳಿಗೆ ಅದನ್ನು ಪಡೆಯಲು ಹಲವು ದಾರಿಗಳಿವೆ. ಮೈಟೊಕಾಂಡ್ರಿಯಾ ಇಲ್ಲದ ಕೆಂಪು ರಕ್ತಕಣಕ್ಕೆ ಜಿ6ಪಿಡಿಯಿಂದ ಆರಂಭವಾಗುವ ದಾರಿಯೇ ಗತಿ. ಅದು ಸೊರಗಿದಾಗ ಪ್ರೈಮಾಕ್ವಿನ್‌ನಂಥ ಔಷಧ ಬಿದ್ದರೆ ಹಿಮೋಗ್ಲೋಬಿನ್ ಕೆಟ್ಟು ಗಂಟುಕಟ್ಟಿ, ಕಣ ಒಡೆಯುತ್ತದೆ.

ವರದಿ ತಪ್ಪುವುದು ಇಲ್ಲೇ. ಸುಮಾರು 120 ದಿನ ಬದುಕುವ ರಕ್ತಕಣ ಹೊಸ ಕಿಣ್ವ ತಯಾರಿಸಲಾರದು. ವಯಸ್ಸಾದಂತೆ ಇರುವುದೂ ಕರಗುತ್ತದೆ. ಹಾಗಾಗಿ ಮೊದಲು ಒಡೆಯುವುದು ಹಳೆಯ ಕಣಗಳು. ಉಳಿದವೂ ಹೊಸದಾಗಿ ಹುಟ್ಟಿದವೂ ಎಳೆಯ ಕಣಗಳಾದ್ದರಿಂದ ಅವುಗಳಲ್ಲಿ ಕಿಣ್ವ ಹೆಚ್ಚು. ಮಗನಿಗೆ ರಕ್ತ ಕೊಟ್ಟಿದ್ದರಂತೂ ದಾನಿಯ ಕಿಣ್ವವನ್ನೇ ಅಳೆದಂತೆ. ಮೂರು ತಿಂಗಳ ನಂತರ, ಕಿಣ್ವದ ಪ್ರಮಾಣವನ್ನೇ ಅಳೆಯುವ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಜಿ6ಪಿಡಿ ಕೊರತೆ ಇದೆ ಎಂದೇ ನಡೆದುಕೊಳ್ಳಿ: ಡ್ಯಾಪ್ಸೋನ್, ನೈಟ್ರೋಫ್ಯೂರಾಂಟೋಯಿನ್, ಮೆಥಿಲೀನ್ ಬ್ಲೂ ಔಷಧಗಳನ್ನು ಕೊಡಬಾರದು, ಫಾವಾ ಬೀನ್ಸ್ (ಬ್ರಾಡ್ ಬೀನ್ಸ್) ಬೇಡ, ಬಟ್ಟೆಗಿಡುವ ನ್ಯಾಫ್ತಲೀನ್ ಗುಳಿಗೆ ಮನೆಯಲ್ಲೇ ಇರಬಾರದು. ಜ್ವರಕ್ಕೆ ಪ್ಯಾರಾಸಿಟಮಾಲ್ ಸರಿಯಾದ ಪ್ರಮಾಣದಲ್ಲಿ ಕೊಡಬಹುದು. ಮೂತ್ರ ಮತ್ತೆ ಕಪ್ಪಾದರೆ, ಮಗು ಬಿಳಿಚಿಕೊಂಡು ಏದುಸಿರು ಬಿಟ್ಟರೆ ಅದೇ ದಿನ ಆಸ್ಪತ್ರೆಗೆ ಒಯ್ದು ಹಿಮೋಗ್ಲೋಬಿನ್ ಮತ್ತು (ಮೂತ್ರಪಿಂಡದ ಸ್ಥಿತಿ ತಿಳಿಸುವ) ಕ್ರಿಯಾಟಿನಿನ್ ನೋಡಿಸಿ.

ಆಂಟಿಆಕ್ಸಿಡೆಂಟ್ ಮಾತ್ರೆಯಿಂದ ಈ ಕೊರತೆ ತುಂಬುವುದಿಲ್ಲ. ಮಾತ್ರೆಯಲ್ಲಿ ಕಿಣ್ವವೇ ಇದ್ದರೂ, ನುಂಗಿದ ಕಿಣ್ವ ಉಳಿದ ಪ್ರೋಟೀನಿನಂತೆ ಜೀರ್ಣವಾಗುತ್ತದೆ. ರಕ್ತನಾಳದ ಮೂಲಕ ವಿಟಮಿನ್ ಸಿ ಭಾರಿ ಪ್ರಮಾಣದಲ್ಲಿ ಕೊಟ್ಟಾಗ, ಈ ಕೊರತೆಯಿದ್ದವರ ರಕ್ತಕಣ ಒಡೆದದ್ದೂ ಉಂಟು. ದಯವಿಟ್ಟು ಅದರ ಗೋಜಿಗೆ ಹೋಗಬೇಡಿ.

ಪ್ರಶ್ನೆ: ಮಗಳಿಗೂ ಪರೀಕ್ಷೆ ಬೇಕೇ?

ಉತ್ತರ: ಮಗನಿಗೆ ಕೊರತೆ ಖಚಿತವಾದರೆ ಬೇಕು, ತಾಯಿಗೂ ಬೇಕು. ಜಿ6ಪಿಡಿಯ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ. ಮಗನಿಗೆ ಅದು ಬರುವುದು ತಾಯಿಯಿಂದ. ಹೆಣ್ಣುಮಕ್ಕಳಲ್ಲಿ ಕೆಲವು ಕಣಗಳಲ್ಲಿ ಕಿಣ್ವ ಸರಿಯಿದ್ದು ಕೆಲವುಗಳಲ್ಲಿ ಇಲ್ಲದಿರಬಹುದು. ಬರೀ ‘ಇದೆ–ಇಲ್ಲ’ ಎನ್ನುವ ಪರೀಕ್ಷೆ, ಕಿಣ್ವದ ಚಟುವಟಿಕೆ ಸಾಮಾನ್ಯ ಮಟ್ಟದ ಶೇ. 30ರಿಂದ 70ರ ನಡುವೆ ಇರುವವರನ್ನು ನಾರ್ಮಲ್ ಎಂದುಬಿಡಬಹುದು. ಅವರಿಗೂ ಪ್ರಮಾಣ ಅಳೆಯುವ ಪರೀಕ್ಷೆಯನ್ನೇ ಕೇಳಿ ಮಾಡಿಸಿ.