ಮೊಡ್ರಿಚ್ ಹೊಡೆದ ಗೋಲುಗಳೆಷ್ಟು? – ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಪ್ರಿಯ ಓದುಗರೇ,

ಕ್ರೊವೇಷ್ಯಾದ ಫುಟ್‌ಬಾಲ್ ಆಟಗಾರ ಲುಕಾ ಮೊಡ್ರಿಚ್ ಕುರಿತ ನಮ್ಮ ಲೇಖನವನ್ನು ಓದಿ ತಾವು ಬರೆದ ಪತ್ರದಲ್ಲಿ ಎರಡು ಆಕ್ಷೇಪಗಳಿವೆ. ಸ್ಪೇನಿನ ರಿಯಲ್ ಮ್ಯಾಡ್ರಿಡ್ ಕ್ಲಬ್ ಪರ 597 ಪಂದ್ಯಗಳನ್ನಾಡಿ 43 ಗೋಲುಗಳನ್ನಷ್ಟೇ ಹೊಡೆದವರನ್ನು ತಮ್ಮ ತಲೆಮಾರಿನ ಶ್ರೇಷ್ಠರ ಸಾಲಿನಲ್ಲಿ ಕೂರಿಸಿದ್ದು ಯಾವ ಆಧಾರದ ಮೇಲೆ ಎಂಬುದು ಮೊದಲನೆಯದು. 22ರ ಹರೆಯದಲ್ಲೇ ತಾಯ್ನಾಡು ಬಿಟ್ಟು ಶ್ರೀಮಂತ ಕ್ಲಬ್‌ಗಳ ಪಾಲಾದ ಆಟಗಾರನಿಂದ ಕ್ರೊವೇಷ್ಯಾಕ್ಕೆ ದಕ್ಕಿದ್ದೇನು ಎಂಬುದು ಎರಡನೆಯದು.

ಗೋಲು ಹೊಡೆಯುವವನು ಯಾವ ದೇಶಕ್ಕೆ ಹೋದರೂ ಗೋಲುಪೆಟ್ಟಿಗೆಯ ಅಳತೆ ಬದಲಾಗುವುದಿಲ್ಲ. ಮೊಡ್ರಿಚ್ ಅವರಂತೆ ಮೈದಾನದ ನಡುವೆ ಆಡುವ ಮಿಡ್‌ಫೀಲ್ಡರ್‌ನ ಪಾಡು ಹಾಗಲ್ಲ. ಚೆಂಡು ತನ್ನ ಕಾಲಿಗೆ ಬರುವ ಮೊದಲೇ ಬೆನ್ನ ಹಿಂದೆ ಯಾರಿದ್ದಾರೆ, ಪಕ್ಕದವನು ಎತ್ತ ಓಡುತ್ತಾನೆ, ಅವನಿಗೆ ಪಾಸ್ ಕಾಲಿಗೇ ಬೇಕೋ ಮುಂದಿನ ಖಾಲಿ ಜಾಗಕ್ಕೆ ಬೇಕೋ ಎಂಬುದೆಲ್ಲ ಅವನಿಗೆ ಗೊತ್ತಿರಬೇಕು. ಅವನ ಆಟದ ಅರ್ಧ ಭಾಗ ಜೊತೆಗಾರರ ಅಭ್ಯಾಸಗಳಲ್ಲಿ ಅಡಗಿರುವುದರಿಂದ, ಪ್ರತಿ ಹೊಸ ದೇಶದಲ್ಲೂ, ಪ್ರತಿ ಹೊಸ ತಂಡದಲ್ಲೂ ಅವನು ಆ ಪಾಠವನ್ನು ಮೊದಲಿನಿಂದ ಕಲಿಯಬೇಕಾಗುತ್ತದೆ. ಆ ಕಲಿಕೆಯ ದಿನಗಳಲ್ಲಿ ಅವನು ಸಾಧಾರಣ ಆಟಗಾರನಂತೆಯೇ ಕಾಣುತ್ತಾನೆ.

ಮೊಡ್ರಿಚ್ ಅವರ ವಿಷಯದಲ್ಲಿ ಇದು ಎರಡು ಬಾರಿ ನಡೆಯಿತು. 2008ರಲ್ಲಿ ಅವರು ತಾಯ್ನಾಡಿನ ಡೈನಮೊ ಜಾಗ್ರೆಬ್‌ನಿಂದ ಇಂಗ್ಲೆಂಡಿನ ಟಾಟೆನ್‌ಹ್ಯಾಮ್‌ಗೆ ಬಂದಾಗ ತಂಡ ಮೊದಲ ಎಂಟು ಲೀಗ್ ಪಂದ್ಯಗಳಿಂದ ಗಳಿಸಿದ್ದು ಎರಡೇ ಅಂಕ. ಈ ಸಣಕಲು ಮೈಯವರು ಇಂಗ್ಲೆಂಡಿನ ಒರಟು ಆಟವನ್ನು ತಾಳಿಯಾರೇ ಎಂದು ಅನುಮಾನಿಸಿದವರಿದ್ದರು. ತರಬೇತುದಾರ ಹ್ಯಾರಿ ರೆಡ್‌ನ್ಯಾಪ್ ಕಾಲಕ್ರಮದಲ್ಲಿ ಅವರನ್ನು ಮೈದಾನದ ನಡುಭಾಗಕ್ಕೆ, ಇನ್ನಷ್ಟು ಹಿಂದಕ್ಕೆ ತಂದು ನಿಲ್ಲಿಸಿದ ಮೇಲೆ ತಂಡದ ಆಟವೇ ಅವರ ಮೂಲಕ ಹರಿಯತೊಡಗಿತು. 2012ರ ಆಗಸ್ಟ್ ಕೊನೆಯಲ್ಲಿ, ಋತು ಆರಂಭವಾದ ಮೇಲೆ, ಮ್ಯಾಡ್ರಿಡ್ ಸೇರಿದಾಗಲೂ ಇದೇ ಕಥೆ. ಆ ವರ್ಷಾಂತ್ಯಕ್ಕೆ ಸ್ಪೇನಿನ ಕ್ರೀಡಾ ದೈನಿಕ ‘ಮಾರ್ಕಾ’ ನಡೆಸಿದ ಓದುಗರ ಮತದಾನದಲ್ಲಿ ಅವರು ಆ ಋತುವಿನ ಅತ್ಯಂತ ಕೆಟ್ಟ ಖರೀದಿ ಎನಿಸಿಕೊಂಡರು. (ಓದುಗರು ಯಾವಾಗಲೂ ಸರಿ ಎಂದು ಪತ್ರಿಕೆಯವರು ಹೇಳಲಾಗದಿರುವುದಕ್ಕೆ ಇದೂ ಒಂದು ಕಾರಣ.) ಮುಂದಿನ ಮಾರ್ಚ್‌ನಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ಬದಲಿ ಆಟಗಾರನಾಗಿ ಇಳಿದು, ದೂರದಿಂದ ಹೊಡೆದ ಗೋಲಿನಿಂದ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಸಮಬಲ ತಂದುಕೊಟ್ಟ ಮೇಲೆ ಆ ಮಾತು ಅಡಗಿತು.

ಆದರೆ ಅವರ ನಿಜವಾದ ಆಟ ಗೋಲುಗಳಲ್ಲಿರಲಿಲ್ಲ. ಜೊತೆಗಾರ ಕ್ಯಾಸೆಮಿರೊ ಹಿಂಭಾಗದಲ್ಲಿ ನಿಂತು ಎದುರಾಳಿಯ ದಾಳಿ ಮುರಿಯುವುದು, ಟೋನಿ ಕ್ರೂಸ್ ಎಡಗಡೆಯಿಂದ ಆಟದ ವೇಗವನ್ನು ನಿರ್ಧರಿಸುವುದು, ಮೊಡ್ರಿಚ್ ಬಲಗಡೆ ಇಬ್ಬರು ಎದುರಾಳಿಗಳ ನಡುವಿನ ಕಿರಿದಾದ ಜಾಗದಲ್ಲಿ ಚೆಂಡನ್ನು ಪಡೆದು ತಿರುಗಿ ಮುಂದೊಯ್ಯುವುದು – ಈ ಮೂವರ ಹೊಂದಾಣಿಕೆಯ ಮೇಲೆಯೇ 2016ರಿಂದ 2018ರವರೆಗಿನ ಮ್ಯಾಡ್ರಿಡ್‌ನ ಸತತ ಮೂರು ಚಾಂಪಿಯನ್ಸ್ ಲೀಗ್ (ಯುರೋಪಿನ ಕ್ಲಬ್‌ಗಳ ಅತಿದೊಡ್ಡ ಟೂರ್ನಿ) ಪ್ರಶಸ್ತಿಗಳು ನಿಂತಿದ್ದವು. ಅದೇ ಟೂರ್ನಿಯ 2014ರ ಲಿಸ್ಬನ್ ಫೈನಲ್‌ನಲ್ಲಿ ಸೋಲು ಖಚಿತವೆನಿಸಿದ್ದ ಕೊನೆಯ ಗಳಿಗೆಯಲ್ಲಿ ಮ್ಯಾಡ್ರಿಡ್‌ನ ಸೆರ್ಹಿಯೊ ರಾಮೋಸ್ ತಲೆಯಿಂದ ಗೋಲು ಹೊಡೆದದ್ದು ಎಲ್ಲರ ನೆನಪಿನಲ್ಲಿದೆ. ಆ ಕಾರ್ನರ್ ಒದ್ದವರು ಮೊಡ್ರಿಚ್. 2022ರಲ್ಲಿ ಚೆಲ್ಸಿ ವಿರುದ್ಧ ಪಾದದ ಹೊರಬದಿಯಿಂದ ಬಾಗಿಸಿ ರೊಡ್ರಿಗೊಗೆ ಕಳಿಸಿದ ಪಾಸ್ ಅವರ ಗೋಲುಗಳ ಲೆಕ್ಕದಲ್ಲಿ ಬರುವುದೇ ಇಲ್ಲ, ಆದರೆ ಅದಿಲ್ಲದೆ ಆ ವರ್ಷದ ಕಪ್ ಮ್ಯಾಡ್ರಿಡ್‌ಗೆ ಬರುತ್ತಿತ್ತೆಂದು ನಾನಂತೂ ನಂಬಲಾರೆ.

ಇನ್ನು ತಾಯ್ನಾಡಿನ ಮಾತು. ಡೈನಮೊ ಕ್ಲಬ್ ಅವರನ್ನು 18ನೇ ವಯಸ್ಸಿನಲ್ಲಿ ಬೋಸ್ನಿಯಾದ ಜ್ರಿನ್‌ಸ್ಕಿ ಮೊಸ್ತಾರ್ ತಂಡಕ್ಕೆ ಎರವಲು ಕಳಿಸಿತ್ತು. ಆ ಲೀಗ್‌ನಲ್ಲಿ ಆಡಬಲ್ಲವನು ಎಲ್ಲಿ ಬೇಕಾದರೂ ಆಡಬಲ್ಲ ಎಂಬರ್ಥದ ಮಾತನ್ನು ಮುಂದೆ ಅವರೇ ಹೇಳಿದ್ದಾರೆ. ಹೊರಗೆ ಹೋಗುವುದು ಅವರ ಕಸುಬಿನ ಕಲಿಕೆಯ ಭಾಗವೇ ಆಗಿತ್ತು. ಅದರಿಂದ ತಾಯ್ನಾಡಿಗೆ ಏನೂ ಸಿಗದೆಂದಲ್ಲ; ಆಟಗಾರ ದೇಶದಿಂದ ದೇಶಕ್ಕೆ ಮಾರಾಟವಾದಾಗ ವರ್ಗಾವಣೆ ಶುಲ್ಕದ ಶೇ 5ರಷ್ಟನ್ನು, 12ರಿಂದ 23ನೇ ವಯಸ್ಸಿನವರೆಗೆ ಆತನನ್ನು ಬೆಳೆಸಿದ ಕ್ಲಬ್‌ಗಳಿಗೆ ಹಂಚಬೇಕೆಂಬ ನಿಯಮವೂ ಫಿಫಾದಲ್ಲಿದೆ. ಅದಕ್ಕಿಂತ ದೊಡ್ಡದು 2018ರ ವಿಶ್ವಕಪ್. ಸುಮಾರು 40 ಲಕ್ಷ ಜನಸಂಖ್ಯೆಯ ಕ್ರೊವೇಷ್ಯಾ ಸತತ ಮೂರು ನಾಕೌಟ್ ಪಂದ್ಯಗಳನ್ನು ಹೆಚ್ಚುವರಿ ಅವಧಿಯವರೆಗೆ ಆಡಿ ಫೈನಲ್ ತಲುಪಿದಾಗ, ತಂಡದ ಬಹುತೇಕ ಆಟಗಾರರು ವಿದೇಶಿ ಕ್ಲಬ್‌ಗಳಲ್ಲಿ ಪಳಗಿದವರು. ಡೆನ್ಮಾರ್ಕ್ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ ಪೆನಾಲ್ಟಿ ಕಳೆದುಕೊಂಡ ನಾಯಕ ಮೊಡ್ರಿಚ್, ಕೆಲವೇ ನಿಮಿಷಗಳ ಬಳಿಕ ಶೂಟೌಟ್‌ನಲ್ಲಿ ಮತ್ತೆ ಮುಂದೆ ಬಂದು ಅದೇ ಗೋಲಿಯ ಎದುರು ಗೋಲು ಹೊಡೆದರು. ಶೂಟೌಟ್ ಬಿಟ್ಟರೆ ಆ ಟೂರ್ನಿಯಲ್ಲಿ ಅವರ ಗೋಲುಗಳು ಎರಡೇ. ಆದರೂ ಶ್ರೇಷ್ಠ ಆಟಗಾರನಿಗೆ ಸಲ್ಲುವ ಗೋಲ್ಡನ್ ಬಾಲ್ ಅವರದಾಯಿತು. ಹತ್ತು ವರ್ಷ ಮೆಸ್ಸಿ ಮತ್ತು ರೊನಾಲ್ಡೊ ನಡುವೆಯೇ ಸುತ್ತುತ್ತಿದ್ದ ಬ್ಯಾಲನ್ ಡಿ ಓರ್ (ವರ್ಷದ ಶ್ರೇಷ್ಠ ಆಟಗಾರನ ಪ್ರಶಸ್ತಿ) ಕೂಡ ಅದೇ ವರ್ಷ ಅವರಿಗೆ ಬಂತು.

ತಮ್ಮ ಪತ್ರದಲ್ಲಿ ನಾನು ಒಪ್ಪುವ ಒಂದು ಮಾತಿದೆ. ಜಾಗ್ರೆಬ್‌ನ ಪ್ರೇಕ್ಷಕರು ಅವರ ಮಾಗಿದ ಆಟವನ್ನು ತಮ್ಮ ಲೀಗ್‌ನಲ್ಲಿ ನೋಡಲೇ ಇಲ್ಲ. 2025ರಲ್ಲಿ ಮ್ಯಾಡ್ರಿಡ್ ಬಿಟ್ಟಾಗಲೂ, 39ರ ವಯಸ್ಸಿನಲ್ಲಿ, ಅವರು ಹೋದದ್ದು ಇಟಲಿಯ ಎ.ಸಿ. ಮಿಲಾನ್‌ಗೆ. ಈ ನಷ್ಟ ನಿಜ. ಆದರೆ ಅದರ ಹೊಣೆಯನ್ನು ಆಟಗಾರನ ಮೇಲೆ ಹೊರಿಸುವುದಕ್ಕಿಂತ, ಟಿ.ವಿ. ಪ್ರಸಾರ ಹಕ್ಕುಗಳ ಹಣವೆಲ್ಲ ಐದಾರು ದೊಡ್ಡ ಲೀಗ್‌ಗಳಲ್ಲೇ ಸೇರಿಕೊಂಡು, ಸಣ್ಣ ದೇಶಗಳ ಕ್ಲಬ್‌ಗಳು ಪ್ರತಿಭೆಯನ್ನು ಬೆಳೆಸಿ ಮಾರಿಯೇ ಬದುಕಬೇಕಾದ ಏರ್ಪಾಟಿನ ಮೇಲೆ ಹೊರಿಸುವುದು ಹೆಚ್ಚು ನ್ಯಾಯವೆಂದು ನನ್ನ ಅಭಿಪ್ರಾಯ.

– ಸಂಪಾದಕ