ಟೀಚರ್, ಈ ಲೇಖನ ಇನ್ನೊಮ್ಮೆ ಬರೆಯಿರಿ

ಟೀಚರ್, ನಮಸ್ಕಾರ.

ರಾಜಕೀಯ ಕೈದಿಗಳ ಬಗ್ಗೆ ನಮ್ಮ ಪತ್ರಿಕೆಗೆ ನೀವು ಕಳಿಸಿದ ಲೇಖನ ‘ಸರ್ವಾಧಿಕಾರಿಗಳ ಕತ್ತಲಕೋಣೆ’ಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಸಿಟ್ಟು ನಿಜವಾದದ್ದೇ. ಆದರೆ ಹನ್ನೊಂದು ಪುಟದಲ್ಲಿ ‘ಕ್ರೌರ್ಯ’ ಇಪ್ಪತ್ತಮೂರು ಸಲ ಬಂದಿದೆ (ಹೌದು, ಎಣಿಸಿದೆ). ಒಬ್ಬ ಕೈದಿಯ ಹೆಸರೂ ಬಂದಿಲ್ಲ.

ಮೊದಲ ಮೂರು ಪುಟಕ್ಕೆ ಕಪಾತು ಬೇಕು. ‘ಮಾನವ ಇತಿಹಾಸದ ಉದಯದಿಂದಲೂ’ ಅಂತ ಶುರು ಮಾಡಿದರೆ, ನೀವು ಮಧ್ಯಾಹ್ನಕ್ಕೆ ಬರುವಷ್ಟರಲ್ಲಿ ಓದುಗರು ಎದ್ದು ಹೋಗಿರುತ್ತಾರೆ.

ವಾದದಲ್ಲೂ ಒಂದು ಎಡವಟ್ಟಿದೆ. ‘ಸರ್ಕಾರದ ವಿರುದ್ಧ ಮಾತಾಡಿದರು ಎಂದು ಜೈಲಿಗೆ ಹಾಕುತ್ತಾರೆ’ ಎಂದಿದ್ದೀರಿ. ನಿಜವಾದ ಕಾರಣ ಅದೇ ಇರಬಹುದು, ಆದರೆ ಕೇಸಿನ ಕಾಗದದಲ್ಲಿ ಹಾಗೆ ಬರೆಯುವುದು ಕಡಿಮೆ. ಬೆಲಾರುಸ್‌ನ ಮಾನವ ಹಕ್ಕುಗಳ ಹೋರಾಟಗಾರ ಅಲೆಸ್ ಬಿಯಾಲಿಯಾಟ್ಸ್ಕಿಯನ್ನು 2011ರಲ್ಲಿ ಒಳಗೆ ಹಾಕಿದ್ದು ತೆರಿಗೆ ಕೇಸಿನಲ್ಲಿ. ಬಂಧಿತರಿಗೆ ನೆರವಾಗಲು ಇಟ್ಟಿದ್ದ ಹಣವನ್ನೇ ಅವರ ಸ್ವಂತ ಆದಾಯ ಅಂದರು. 2022ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ ಮತ್ತೆ ಜೈಲಿನಲ್ಲಿದ್ದರು. ಮರುವರ್ಷ 10 ವರ್ಷ ಶಿಕ್ಷೆ, ಈ ಸಲ ಹಣದ ಕಳ್ಳಸಾಗಣೆ ಅಂತ. ಮ್ಯಾನ್ಮಾರ್‌ನಲ್ಲಿ 2021ರಲ್ಲಿ ಸೇನೆ ಅಧಿಕಾರ ಕಿತ್ತುಕೊಂಡ ಮೇಲೆ ಚುನಾಯಿತ ನಾಯಕಿ ಆಂಗ್ ಸಾನ್ ಸೂ ಕಿ ಮೇಲೆ ಮೊದಲು ಹೊರಿಸಿದ ಆರೋಪ ಏನು ಗೊತ್ತಾ? ವಾಕಿ-ಟಾಕಿಗಳನ್ನು ಅಕ್ರಮವಾಗಿ ತರಿಸಿದ್ದು!

ನಿಮ್ಮ ಲೇಖನ ಇರುವುದು ಇಲ್ಲಿ. ವಿರೋಧಿಯನ್ನು ಕಳ್ಳನನ್ನಾಗಿ ಮಾಡಿದರೆ ಅರ್ಧ ಕೆಲಸ ಮುಗಿಯಿತು. ‘ಸುಮ್ನೆ ಹಿಡೀತಾರಾ, ಏನೋ ಮಾಡಿರಬೇಕು’ ಅಂತ ಪಕ್ಕದ ಮನೆಯವರೇ ಹೇಳುತ್ತಾರೆ. ಆ ಪಕ್ಕದ ಮನೆಯವರನ್ನು ಬರೆಯಿರಿ.

ನಮ್ಮ ತುರ್ತು ಪರಿಸ್ಥಿತಿಯನ್ನು ಒಂದೇ ಸಾಲಿನಲ್ಲಿ ದಾಟಿಸಿದ್ದೀರಿ. ಆಸ್ತಮಾ ಇದ್ದ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಜೈಲಿನಲ್ಲೇ ನರಳಿದವರು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟ ಕೆಲವೇ ದಿನಕ್ಕೆ ತೀರಿಕೊಂಡರು. ಅವರಿಗೆ ಒಂದು ಪ್ಯಾರಾ ಕೊಡಿ.

ನನಗೆ ಜಾಸ್ತಿ ಬೇಸರವಾದದ್ದು ಬೇರೆ. ನೀವು ಕುಶಾಲನಗರದವರು. ಚೀನಾ ಬಗ್ಗೆ ನಾಲ್ಕು ಪುಟ ಬರೆದಿದ್ದೀರಿ. ಕಾವೇರಿ ದಾಟಿದರೆ ಸಿಗುವ ಬೈಲುಕುಪ್ಪೆ, ಟಿಬೆಟಿನಿಂದ ಓಡಿಬಂದವರ ಊರು, ಎಲ್ಲೂ ಇಲ್ಲ! ಮಕ್ಕಳನ್ನು ಅಲ್ಲಿನ ಗೋಲ್ಡನ್ ಟೆಂಪಲ್‌ಗೆ ಎಷ್ಟು ಸಲ ಕರೆದುಕೊಂಡು ಹೋಗಿಲ್ಲ, ಅಲ್ವಾ? ಅದೇ ಬೈಲುಕುಪ್ಪೆಯಲ್ಲಿ ತಾಶಿ ಲುನ್‌ಪೊ ಮಠವಿದೆ. ಮೂಲ ಮಠ ಟಿಬೆಟಿನ ಶಿಗಾತ್ಸೆಯಲ್ಲಿ, ಟಿಬೆಟಿನ ಬೌದ್ಧರಲ್ಲಿ ದಲಾಯಿ ಲಾಮಾ ನಂತರದ ದೊಡ್ಡ ಗುರು ಪಂಚೆನ್ ಲಾಮಾಗಳ ಪೀಠ ಅದು. 1995ರ ಮೇ 14ರಂದು ದಲಾಯಿ ಲಾಮಾ ಆರು ವರ್ಷದ ಗೆಧುನ್ ಚೋಕಿ ನ್ಯಿಮಾನನ್ನು ಪಂಚೆನ್ ಲಾಮಾ ಎಂದು ಗುರುತಿಸಿದರು. ಮೂರೇ ದಿನಕ್ಕೆ ಚೀನಾದವರು ಹುಡುಗನನ್ನೂ ಅಪ್ಪ ಅಮ್ಮನನ್ನೂ ಕರೆದೊಯ್ದರು. ಆಮೇಲೆ ಅವನನ್ನು ಹೊರಗಿನವರು ಕಂಡಿಲ್ಲ. ಕೇಸಿಲ್ಲ, ಕೋರ್ಟಿಲ್ಲ. ಹುಡುಕಾಟದ ಹೊಣೆ ಹೊತ್ತಿದ್ದ ಶಿಗಾತ್ಸೆಯ ಮಠಾಧಿಪತಿ ಚಾಡ್ರೆಲ್ ರಿಂಪೋಚೆಗೆ ಮಾತ್ರ ಕೋರ್ಟು ಸಿಕ್ಕಿತು. 1997ರಲ್ಲಿ ಆರು ವರ್ಷ ಶಿಕ್ಷೆ. ದೇಶ ಒಡೆಯುವ ಸಂಚು, ರಾಜ್ಯದ ಗುಟ್ಟು ಹೊರಹಾಕಿದ್ದು ಅಂತ ಆರೋಪ. ಒಂದು ಮಗುವಿನ ಹೆಸರು ಗುಟ್ಟಾಯಿತು ನೋಡಿ.

ಒಂದು ಭಾನುವಾರ ಅಲ್ಲಿಗೆ ಹೋಗಿ ಬನ್ನಿ. ವಯಸ್ಸಾದವರ ಜೊತೆ ಚಹಾ ಕುಡಿಯಿರಿ, ಪ್ರಶ್ನೆ ಕಡಿಮೆ ಕೇಳಿ. ಆರು ಪುಟ ಸಾಕು, ಹುತ್ತರಿ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ. ಮಾತಾಡಿದವರ ಹೆಸರು, ಊರು ಮಾತ್ರ ನನಗೂ ಬರೆದು ಕಳಿಸಬೇಡಿ. ಅವರ ಅಣ್ಣ ತಂಗಿಯರು ಇನ್ನೂ ಟಿಬೆಟಿನಲ್ಲೇ ಇರಬಹುದು.